ತುಕ್ಕಿನ ಪೊರೆ – ಕಂತು ೭: ನಲವತ್ತೊಂದನೇ ಗಾಜು

ದೀಪ ಹೊತ್ತಿತು. ಮೀಟರಿನ ಅಂಕಿ ಅಲ್ಲಾಡಲಿಲ್ಲ.

ಡಾಕ್ಟರ್ ಅಮಂಕ್ವಾ ದೀಪ ಆರಿಸಿ ಮತ್ತೆ ಹೊತ್ತಿಸಿದರು. ಮಧ್ಯಾಹ್ನದ ಬಿಸಿಲಿನಷ್ಟೇ ಬೆಳಕು ಕೊಡುವಂತೆ ಅಳೆದು ಇಟ್ಟ ದೀಪ ಅದು. ಕೆಳಗೆ ಚೌಕನೆಯ ಪಾತ್ರೆಯಲ್ಲಿ ಕ್ಷಾರ ಬೆರೆಸಿದ ನೀರು. ನೀರಿನಲ್ಲಿ ಅರ್ಧ ಮುಳುಗಿ, ಕ್ಲಿಪ್ಪಿಗೆ ನೇತಾಡುತ್ತಿದ್ದ ಬೆಂಕಿಪೊಟ್ಟಣದಷ್ಟು ಗಾಜು. ಗಾಜಿನ ಮೇಲೆ ಕಬ್ಬಿಣದ ತುಕ್ಕಿನ ಪೊರೆ. ಕೂದಲೆಳೆಯನ್ನು ನೂರು ಸೀಳು ಮಾಡಿದರೆ ಒಂದು ಸೀಳಿನಷ್ಟು ತೆಳು.

ಬೆಳಕು ಬಿದ್ದೊಡನೆ ಆ ಪೊರೆ ನೀರನ್ನು ಒಡೆಯಬೇಕು. ತಂತಿಯಲ್ಲಿ ಕರೆಂಟು ಹರಿದು, ಎದುರಿನ ಪ್ಲಾಟಿನಂ ತಂತಿಯಿಂದ ಜಲಜನಕದ ಗುಳ್ಳೆ ಏಳಬೇಕು. ಬಿಸಿಲು, ನೀರು, ತುಕ್ಕು, ಇಷ್ಟರಿಂದಲೇ ಒಲೆ ಉರಿಸುವ ಅನಿಲ ತೆಗೆಯುತ್ತೇವೆಂದು ಡಾಕ್ಟರು ಕುಮಾಸಿ ನಗರದ ರೇಡಿಯೋದಲ್ಲೆಲ್ಲ ಹೇಳಿಕೊಂಡು ಬಂದದ್ದು ಈ ಒಂದು ಗಾಜನ್ನು ನಂಬಿ.

"ಸೊನ್ನೆ," ಅಂದರು ಡಾಕ್ಟರು. "ದೀಪ ಹಾಕಿದ್ರೂ ಸೊನ್ನೆ, ಆರಿಸಿದ್ರೂ ಸೊನ್ನೆ."

"ಕ್ಲಿಪ್ ಸರಿ ಕೂತಿಲ್ವೇನೋ," ಅಂದಳು ಇನ್ಸ್‌ಪೆಕ್ಟರ್ ಪೊಕುವಾ. ಕ್ಲಿಪ್ಪಿನ ವಿಷಯ ಅವಳಿಗೆ ಏನೂ ಗೊತ್ತಿರಲಿಲ್ಲ. ಕ್ಲಿಪ್ಪಿನದೇ ತಪ್ಪಾಗಿರಲಿ ದೇವರೇ ಅಂತ ಬೇಡಿಕೊಂಡಳು, ಅಷ್ಟೇ.

ಬೇಡಿಕೊಳ್ಳದೆ ಏನು ಮಾಡುತ್ತಾಳೆ? ಎಂಟು ದಿನದ ಹಿಂದೆ ಈ ಗಾಜು ಸಿಕ್ಕಿದ್ದು ಈ ಸಂಶೋಧನಾ ಕೇಂದ್ರದ ಕುಲುಮೆ ನೋಡಿಕೊಳ್ಳುವ, ಊರವರೆಲ್ಲ ಹಿರಿಯರೆಂದು 'ಒಪಾನಿನ್' ಅನ್ನುವ ಬೆಡಿಯಾಕೊ ಅವರ ಕೈಚೀಲದಲ್ಲಿ. ಅವರನ್ನು ಅವಳು ಹಿಡಿದದ್ದು ಅವರ ಸ್ವಂತ ತಂಗಿಯ ಅಂತ್ಯಕ್ರಿಯೆಯ ಚಪ್ಪರದಲ್ಲಿ, ಕಪ್ಪು ಕೆಂಪು ಬಟ್ಟೆ ಹೊದ್ದ ಇನ್ನೂರು ಮುನ್ನೂರು ಜನರ ಕಣ್ಣೆದುರಿಗೆ.

ಅಮಂಕ್ವಾ ಗಾಜನ್ನು ನೀರಿನಿಂದ ತೆಗೆದು ಒರೆಸಿದರು. ಕ್ಲಿಪ್ ಕಚ್ಚುವ ತುದಿಯಲ್ಲಿ ವಜ್ರದ ಮೊನೆಯಿಂದ ಗೀಚಿದ ಅಂಕಿ ಇತ್ತು, ನಲವತ್ತೊಂದು. ಆ ಅಂಕಿಯನ್ನು ನೋಡಿಯೇ ಅಲ್ಲವೇ ಪೊಕುವಾ ಅಂದು ಚಪ್ಪರದಲ್ಲಿ ಎದೆಯುಬ್ಬಿಸಿದ್ದು.

ಡಾಕ್ಟರು ಮೇಜಿನ ಖಾನೆಯಿಂದ ಮಲ್ಟಿಮೀಟರ್ ತೆಗೆದು, ಅದರ ಎರಡು ಮೊನೆಗಳನ್ನು ಪೊರೆಯ ಪಕ್ಕದ ಬರಿಗಾಜಿಗೆ ಒತ್ತಿದರು. ಮೀಟರ್ ಸುಮ್ಮನಿತ್ತು. ಗಾಜನ್ನು ಮಗುಚಿ ಹಿಂಭಾಗಕ್ಕೆ ಒತ್ತಿದರು. ಮೀಟರ್ ಕೀಚ್ ಎಂದಿತು.

ಅವರು ಸ್ಟೂಲಿನ ಮೇಲೆ ಕುಳಿತೇಬಿಟ್ಟರು.

"ಏನಾಯ್ತು ಡಾಕ್ಟ್ರೇ?"

"ತಲೆಕೆಳಗು."

"ಯಾವುದು?"

"ಈ ಗಾಜಿನಲ್ಲಿ ಒಂದೇ ಮುಖಕ್ಕೆ ಕರೆಂಟು ಹರಿಯೋದು. ಎರಡೂ ಮುಖ ನೋಡೋಕೆ ಒಂದೇ ಥರ ಇರ್ತವೆ. ಪೊರೆ ಹಚ್ಚೋ ಮೊದಲು ಮೀಟರ್ ಮುಟ್ಟಿಸಿ, ಯಾವ ಮುಖ ಅಂತ ನೋಡ್ಕೋಬೇಕು. ನೋಡದೆ ಹಚ್ಚಿದ್ದಾರೆ, ಹಿಂದುಮುಂದಾಗಿದೆ. ಇದರಿಂದ ಒಂದು ಗುಳ್ಳೆ ಕೂಡ ಏಳಲ್ಲ. ಯಾವತ್ತೂ ಎದ್ದಿರೋದಿಲ್ಲ."

"ಹಾಗಂದ್ರೆ ಇದು ಕಸ."

"ಕಸವೇ. ಹೊಸಬರೆಲ್ಲ ಒಂದ್ಸಲ ಮಾಡೋ ತಪ್ಪು ಇದು. ಮಾಡಿದವರು ಯಾರಿಗೂ ಬಾಯಿ ಬಿಡಲ್ಲ, ಬುಟ್ಟಿಗೆ ಹಾಕಿ ಸುಮ್ಮನಾಗ್ತಾರೆ." ಡಾಕ್ಟರು ನೆಲ ನೋಡಿದರು. "ನಾನೂ ಹಾಕಿದ್ದೀನಿ ಬಿಡಿ."

ಪೊಕುವಾಳ ಕಿವಿ ಬಿಸಿಯಾಯಿತು. ಚಪ್ಪರದಲ್ಲಿ ಒಪಾನಿನ್ ಹೇಳಿದ ಮಾತು ಅಷ್ಟೂ ಇದೇ ಆಗಿತ್ತು. "ಅದು ಕಸ, ಮಗಳೇ. ಬುಟ್ಟಿಯಿಂದ ತೆಗೆದದ್ದು." ಅದಕ್ಕೆ ಅವಳು ಎಲ್ಲರಿಗೂ ಕೇಳುವಂತೆ ಹೇಳಿದ್ದೇನು? "ಕಸಾನ ಯಾರಾದ್ರೂ ಕರವಸ್ತ್ರದಲ್ಲಿ ಸುತ್ತಿಟ್ಕೋತಾರಾ ಒಪಾನಿನ್?" ಅವಳ ಪೇದೆಗಳು ನಕ್ಕಿದ್ದರು. ಅವಳೂ ನಕ್ಕಿದ್ದಳು.

"ಇದರ ಕರೆಂಟು ಅಷ್ಟಿತ್ತು ಇಷ್ಟಿತ್ತು ಅಂತ ನೀವೇ ದೂರಲ್ಲಿ ಬರೆದಿದ್ರಲ್ಲ. ಅಳೆದಿರ್ಲಿಲ್ವಾ?"

ಡಾಕ್ಟರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು.

"ಪ್ರಯೋಗದ ಪುಸ್ತಕದಲ್ಲಿ ಅಂಕಿ ಇತ್ತು. ಬಹಳ ಚೆನ್ನಾಗಿತ್ತು ಅಂಕಿ. ನಾನು ಹನ್ನೆರಡು ವರ್ಷ ಕಾದಿದ್ದ ಅಂಕಿ ಅದು, ಇನ್ಸ್‌ಪೆಕ್ಟರ್. ನಂಬಿದೆ."

"ಕಣ್ಣಾರೆ ನೋಡದೆ?"

"ನೋಡೋಣ ಅಂತ ಬೀರು ತೆಗೆದಾಗ ಗಾಜು ಇರ್ಲಿಲ್ಲ. ಮಾರನೇ ದಿನ ಹೊರಗಿನವರು ಪರೀಕ್ಷೆ ಮಾಡೋಕೆ ಬರೋದಿತ್ತು. ಬೀರುವಿನ ಕೀ ಇರೋದು ನನ್ನ ಹತ್ರ, ಒಪಾನಿನ್ ಹತ್ರ. ಕದ್ದಿದ್ದಾರೆ ಅಂತ ಅಂದ್ಕೊಳ್ಳೋದು ಸುಲಭವಾಯ್ತು."

"ನೀವು ಪುಸ್ತಕ ನಂಬಿದ್ರಿ. ನಾನು ನಿಮ್ಮನ್ನ ನಂಬಿದೆ," ಅಂದಳು ಪೊಕುವಾ. ಬೈಯಬೇಕೆಂದೇ ಬಾಯಿ ತೆರೆದಿದ್ದಳು. ಬೈಗುಳದ ಅರ್ಧ ಪಾಲು ತನ್ನ ತಲೆಗೇ ಬರುತ್ತದೆಂದು ಅಷ್ಟಕ್ಕೇ ನಿಲ್ಲಿಸಿದಳು. "ಅಂಕಿ ಬರೆದವರು ಯಾರು?"

"ನನ್ನ ವಿದ್ಯಾರ್ಥಿನಿ. ಅಬ್ರಫಿ ಅಂತ. ಬಹಳ ಚುರುಕು. ಈಗ ರಜದಲ್ಲಿದ್ದಾಳೆ."

ಗೋಡೆ ಗಡಿಯಾರದಲ್ಲಿ ಹತ್ತೂಕಾಲು. ಹನ್ನೊಂದಕ್ಕೆ ಬೆಡಿಯಾಕೊ ಕುಟುಂಬ ಸಭೆ ಕೂಡುವುದಿತ್ತು. ಹಳೆಯ ಯಜಮಾನರು ತೀರಿಕೊಂಡು ಖಾಲಿಯಾದ ಜಾಗಕ್ಕೆ ಯಾರೆಂದು ಇವತ್ತು ತೀರ್ಮಾನ. ಆ ಬಂಧನದವರೆಗೆ ಒಪಾನಿನ್ ಬಿಟ್ಟು ಬೇರೆ ಹೆಸರೇ ಇರಲಿಲ್ಲ. ಜಾಮೀನಿನ ಮೇಲಿರುವ ಕಳ್ಳನನ್ನು ಯಾರು ಯಜಮಾನನನ್ನಾಗಿ ಮಾಡುತ್ತಾರೆ? ಹನ್ನೊಂದರೊಳಗೆ ಅಲ್ಲಿರಬೇಕು, ಆ ಮುದುಕರ ಹೆಸರನ್ನು ತಾನು ಕೆಡಿಸಿದ ಹಾಗೆಯೇ ಎಲ್ಲರೆದುರು ತೊಳೆದುಕೊಡಬೇಕು. ಇಷ್ಟೇ ಅವಳ ತಲೆಯಲ್ಲಿದ್ದದ್ದು.

ಪುಸ್ತಕವನ್ನು ಚೀಲಕ್ಕೆ ಸೇರಿಸಿ ಹೊರಟಳು. ಹುಡುಗಿಗೆ ರಜ ಯಾಕೆ ಎಂದು ಕೇಳಲಿಲ್ಲ. ಅವಸರ ಅವಳ ಹಳೇ ಚಾಳಿ, ಅದರಿಂದ ಎಷ್ಟು ಪೆಟ್ಟು ತಿಂದರೂ ಬಿಟ್ಟಿರಲಿಲ್ಲ.

*

ಸಾರ್ಜೆಂಟ್ ಒಕ್ರಾ ನಿವೃತ್ತರಾಗಿ ಆರು ವರ್ಷ. ಪೊಕುವಾಗೆ ಕೈಕೋಳ ಹಾಕುವುದನ್ನು ಕಲಿಸಿದವರು ಅವರೇ. ತಪ್ಪು ಮಾಡಿದವರು ದೊಡ್ಡವರೆದುರು ತಾವೇ ಮಾತಾಡುವಂತಿಲ್ಲ, ಪರವಾಗಿ ಹೇಳಲು ಒಬ್ಬ ಹಿರಿಯ ಬೇಕು. ಅದಕ್ಕೆ ಫೋನ್ ಮಾಡಿ ಅವರನ್ನೇ ಕರೆದಿದ್ದಳು. ಬಿಳಿ ಬಟ್ಟೆ ಹೊದ್ದು, ತಪ್ಪೊಪ್ಪಿಗೆಗೆ ಕೊಡುವ ಶ್ನಾಪ್ಸ್ ಮದ್ಯದ ಹಸಿರು ಬಾಟಲಿಯನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಟ್ಯಾಕ್ಸಿಯಲ್ಲಿ ಕುಳಿತಿದ್ದರು.

"ಮೂವತ್ನಾಲ್ಕು ವರ್ಷ ಸರ್ವೀಸು ಮಾಡ್ದೆ ಕಣಮ್ಮಾ. ಪೊಲೀಸು ಬಾಟಲಿ ತಗೊಂಡಿದ್ದು ನೋಡಿದ್ದೀನಿ. ಬಾಟಲಿ ಕೊಟ್ಟಿದ್ದು ಇವತ್ತೇ ನೋಡ್ತಿರೋದು."

"ನಗಿಸ್ಬೇಡಿ ಸಾರ್ಜೆಂಟ್."

"ನೀನೆಲ್ಲಿ ನಗ್ತಿದ್ದೀಯಾ? ಮುಖ ನೋಡು, ಸುಟ್ಟ ಬಾಳೆಕಾಯಿ ಆಗಿದೆ."

ಬಾಂತಾಮಾ ಬಡಾವಣೆಯ ಬೆಡಿಯಾಕೊ ವಠಾರದ ಅಂಗಳದಲ್ಲಿ ಶೇಂಗಾ ಸಾರಿನ ವಾಸನೆ ತುಂಬಿತ್ತು, ಭಾನುವಾರವಲ್ಲವೇ. ಅವಳು ಒಳಗೆ ಕಾಲಿಟ್ಟದ್ದೇ ಸಾರು ಕಲಕುತ್ತಿದ್ದ ಹೆಂಗಸು ಸೌಟು ನಿಲ್ಲಿಸಿದಳು. ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಹತ್ತು ಹನ್ನೆರಡು ಮಂದಿ ಹಿರಿಯರು ಅರ್ಧಚಂದ್ರಾಕಾರದಲ್ಲಿ ಕುಳಿತಿದ್ದರು. ಒಪಾನಿನ್ ಆ ಸಾಲಿನಲ್ಲಿರಲಿಲ್ಲ. ಗೋಡೆ ಪಕ್ಕ, ಸಭೆಯಲ್ಲಿ ಮಾತಿನ ಹಕ್ಕಿಲ್ಲದ ಬೀಗರು ಕೂರುವ ಕಡೆ, ಕೈ ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು.

ಇದನ್ನು ಕಂಡು ಪೊಕುವಾಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅಲ್ಲಿ ಕೂರಿಸಿದ್ದು ಮನೆಯವರಲ್ಲ, ತಾನು.

ಬಲದಿಂದ ಎಡಕ್ಕೆ ಒಬ್ಬೊಬ್ಬರ ಕೈ ಕುಲುಕುತ್ತಾ ಬಂದಳು. ಒಂದು ಮುದುಕಿ ಕೈ ಕೊಟ್ಟಳು, ಬಾಯಿ ಸುಮ್ಮನಿಡಲಿಲ್ಲ.

"ಈ ಸಲ ಯಾರ ಸಾವಿಗೆ ಬಂದೆಯಮ್ಮಾ? ಎಲ್ರೂ ಬದುಕಿದ್ದೀವಲ್ಲ."

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿರುತ್ತಿತ್ತು.

ಮನೆಯ ಪರವಾಗಿ ಮಾತಾಡುವ ಹಿರಿಯರು, ಕೋಲು ಹಿಡಿದ ಸಣಕಲು ಮನುಷ್ಯ, ಗಂಟಲು ಸರಿಮಾಡಿಕೊಂಡರು. "ಮೊದಲು ನೀರು ಕುಡೀಲಿ. ಆಮೇಲೆ ಬಂದ ವಿಷಯ."

ನೀರು ಬರುವವರೆಗೆ ಕಾಯುವ ತಾಳ್ಮೆ ಪೊಕುವಾಗೆ ಇರಲಿಲ್ಲ. ಅವಳು ತಗ್ಗಿದ ದನಿಯಲ್ಲಿ ಒಕ್ರಾ ಅವರಿಗೆ ಹೇಳುವುದು, ಅವರು ಸಭೆಗೆ ಹೇಳುವುದು, ಅದು ಕ್ರಮ. ತಾನು ಹೇಳಿದ್ದು ಇನ್ನೊಬ್ಬರ ಬಾಯಿಂದ ಗಟ್ಟಿಯಾಗಿ ಹೊರಬರುವುದನ್ನು ಕೇಳಿಸಿಕೊಂಡು ಕೂರುವುದಿದೆಯಲ್ಲ, ಅದಕ್ಕಿಂತ ಕಪಾಳಕ್ಕೆ ಎರಡು ಬಿಗಿಸಿಕೊಳ್ಳುವುದು ಮೇಲು.

"ಗಾಜು ಕಸ ಅಂತ ಇವತ್ತು ಗೊತ್ತಾಯ್ತು ಅಂತ ಹೇಳಿ," ಅಂದಳು ಮೆಲ್ಲಗೆ.

"ಸಭೆಗೆ ಅರಿಕೆ!" ಒಕ್ರಾ ಅವರ ದನಿ ಪಕ್ಕದ ವಠಾರಕ್ಕೂ ಕೇಳುವಂತಿತ್ತು. "ನಮ್ಮ ಮಗಳು ಒಪಾನಿನ್ ಚೀಲದಲ್ಲಿ ಹಿಡಿದದ್ದು ಯಾರೂ ಮೂಸಿ ನೋಡದ ಕಸ. ಬುಟ್ಟಿಗೆ ಎಸೆದದ್ದು. ಒಪಾನಿನ್ ಅವತ್ತೇ ನಿಜ ಹೇಳಿದ್ರು. ಇವಳು ಕೇಳಲಿಲ್ಲ."

"ಅವರು ಕದ್ದಿಲ್ಲ. ಕದಿಯೋಕೆ ಅಲ್ಲಿ ಏನೂ ಇರಲೇ ಇಲ್ಲ ಅಂತ ಹೇಳಿ."

"ಕಳವೇ ಆಗಿಲ್ಲ! ಕಳವಾಗದ ಮೇಲೆ ಕಳ್ಳನೆಲ್ಲಿ? ಸಾವಿನ ಚಪ್ಪರದಲ್ಲಿ ದೊಡ್ಡವರೊಬ್ಬರ ಕೈಗೆ ಕೋಳ ಹಾಕಿದಳು, ಮೈಮೇಲಿನ ಬಟ್ಟೆ ಜಾರಿದ್ದೂ ನೋಡದೆ ಎಳೆದುಕೊಂಡು ಹೋದಳು. ತಪ್ಪಾಯ್ತು ಅಂತ ಬಂದಿದ್ದಾಳೆ."

ಬಟ್ಟೆ ಜಾರಿದ ಮಾತನ್ನು ಅವಳು ಹೇಳಿರಲಿಲ್ಲ. ಅದು ಅವಳಿಗೆ ಗೊತ್ತೇ ಇರಲಿಲ್ಲ.

ಒಕ್ರಾ ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು ಹಿರಿಯರ ಮುಂದಿನ ಸ್ಟೂಲಿನ ಮೇಲಿಟ್ಟರು. ಸಾಲಿನಲ್ಲಿ ಒಂದು ಉಸಿರು ಹೊರಬಿದ್ದಂತೆ ಸದ್ದಾಯಿತು. ಕೋಲಿನ ಹಿರಿಯರು ಒಪಾನಿನ್ ಕಡೆ ತಿರುಗಿದರು. ಆ ಹಿರಿಯರ ಮುಖದಲ್ಲಿ ಅಲ್ಲಿಯವರೆಗೆ ಇಲ್ಲದ ಗೆಲುವಿತ್ತು.

"ಕೇಳಿಸ್ತಾ? ಎದ್ದು ಬಾ ಈ ಕಡೆ. ನಿನ್ನ ಕುರ್ಚಿ ಎಲ್ಲಿದೆ ಅಂತ ನಿನಗೆ ಗೊತ್ತಿಲ್ವಾ?"

ಒಪಾನಿನ್ ಏಳಲಿಲ್ಲ.

ಅಷ್ಟರಲ್ಲಿ ಕಪ್ಪು ಬಟ್ಟೆಯುಟ್ಟ ಹುಡುಗಿಯೊಬ್ಬಳು ತಟ್ಟೆಯಲ್ಲಿ ನೀರಿನ ಲೋಟಗಳನ್ನಿಟ್ಟುಕೊಂಡು ಒಳಗಿನಿಂದ ಬಂದಳು. ಒಂದು ಲೋಟದಿಂದ ನೀರು ಚೆಲ್ಲಿತು.

"ನಿಧಾನ, ಅಬ್ರಫಿ," ಅಂದರು ಒಪಾನಿನ್. ಆಮೇಲೆ ಪೊಕುವಾ ಕಡೆ ನೋಡಿ, "ನನ್ನ ತಂಗಿ ಮಗಳು. ನೀನು ಬಂದ ದಿನ ಮಣ್ಣಾದವಳು ಇವಳ ತಾಯಿ," ಅಂದರು.

ಪೊಕುವಾ ಲೋಟ ತೆಗೆದುಕೊಂಡಳು. ಹುಡುಗಿ ಕಣ್ಣೆತ್ತಲಿಲ್ಲ. ಪೊಕುವಾಳ ಚೀಲದಲ್ಲಿದ್ದ ಪುಸ್ತಕದ ಕೊನೆಯ ಪುಟದಲ್ಲಿ ಇದೇ ಹೆಸರಿತ್ತು, ದುಂಡಗಿನ ಅಕ್ಷರದಲ್ಲಿ. ಅಪ್ಪ ಎಷ್ಟಿದ್ದರೂ ಅಷ್ಟೇ, ಈ ಊರಿನಲ್ಲಿ ಮಕ್ಕಳು ತಾಯಿಯ ಮನೆಯ ಸೊತ್ತು, ಓದಿಸುವವನು ಸೋದರಮಾವ. ಅವರ ತಪ್ಪು ಹೊರಲು ಬರುವವನೂ ಅವನೇ. ಕರವಸ್ತ್ರದಲ್ಲಿ ಸುತ್ತಿದ್ದು ಕಸವಲ್ಲ, ಈ ಹುಡುಗಿಯ ತಪ್ಪು ಎಂದು ಪೊಕುವಾಗೆ ಅರ್ಥವಾಯಿತು.

"ಸಭೆಗೆ ಒಂದು ಮಾತು," ಅಂದರು ಒಪಾನಿನ್. ಯಾರನ್ನೂ ನಡುವೆ ಇಟ್ಟುಕೊಳ್ಳದೆ ತಾವೇ ಮಾತಾಡಿದರು. "ಈ ಪೊಲೀಸಮ್ಮ ಒಳ್ಳೆಯವಳು. ಆದ್ರೆ ಇವಳು ಹೇಳ್ತಿರೋದು ಸರಿಯಲ್ಲ. ಕದ್ದಿದ್ದು ನಾನೇ."

ಕೋಲಿನ ಹಿರಿಯರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು.

"ನಿಜವಾದ ನಲವತ್ತೊಂದನ್ನ ಬೀರುವಿಂದ ತೆಗೆದೆ, ಮಾರ್ದೆ. ಚೀಲದಲ್ಲಿದ್ದದ್ದು ಅದರ ಜಾಗದಲ್ಲಿಡೋಕೆ ಅಂತ ಬುಟ್ಟಿಯಿಂದ ಆರಿಸಿದ ಕಸ. ನಂಬರು ನಾನೇ ಗೀಚಿದೆ. ಇಡೋಕೆ ಮುಂಚೆ ಇವಳ ಕೈಗೆ ಸಿಕ್ಕಿಬಿದ್ದೆ. ಅಷ್ಟೇ ಕಥೆ."

"ಯಾರಿಗೆ ಮಾರಿದ್ರಿ?" ಪೊಕುವಾ ಕ್ರಮ ಮರೆತು ನೇರವಾಗಿ ಕೇಳಿಬಿಟ್ಟಳು.

"ಒಬ್ಬನಿಗೆ."

"ಯಾರವನು?"

"ಲಾರಿ ಸ್ಟ್ಯಾಂಡಿನಲ್ಲಿ. ಟೋಪಿ ಹಾಕಿದ್ದ."

ಅರವತ್ತೊಂದು ವರ್ಷ ಸುಳ್ಳು ಹೇಳಿ ಅಭ್ಯಾಸವಿಲ್ಲದ ಬಾಯಿ. ಟೋಪಿ ಹಾಕಿದ್ದನಂತೆ. ಎರಡನೇ ತರಗತಿಯ ಹುಡುಗ ಇದಕ್ಕಿಂತ ಚೆನ್ನಾಗಿ ಹೇಳುತ್ತಿದ್ದ.

"ಒಪಾನಿನ್, ಇದು ಸುಳ್ಳು. ನಿಮಗೂ ಗೊತ್ತು, ನನಗೂ ಗೊತ್ತು."

"ನಿಜ ಹೇಳಿದಾಗ ನೀನು ನಂಬಲಿಲ್ಲ, ಮಗಳೇ. ಈಗ ಸುಳ್ಳು ಅಂತೀಯ. ನಿನಗೆ ನಾನು ಯಾವತ್ತೂ ಸರಿಯಾಗಿ ಹೇಳೋದೇ ಇಲ್ವೇನೋ."

ಕೋಪದಲ್ಲಿ ಹೇಳಿದ್ದರೆ ತಡೆದುಕೊಳ್ಳಬಹುದಿತ್ತು. ಅವರು ಬೇಡಿಕೊಳ್ಳುತ್ತಿದ್ದರು. ಈ ಸುಳ್ಳು ನಿಂತರೆ ಎಲ್ಲರೂ ಬದುಕಿಕೊಳ್ಳುತ್ತಾರೆ. ಹುಡುಗಿಯ ಅಂಕಿ ನಿಜವಾಗುತ್ತದೆ, ಗಾಜು ಕಳುವಾಯಿತೆಂದು ಡಾಕ್ಟರ ಮರ್ಯಾದೆ ಉಳಿಯುತ್ತದೆ. ಇನ್ಸ್‌ಪೆಕ್ಟರ್ ಪೊಕುವಾ ಸರಿಯಾದ ಮನುಷ್ಯನನ್ನೇ ಹಿಡಿದಿದ್ದಳು ಅಂತಾಗುತ್ತದೆ. ಹೋಗುವುದು ಮುದುಕರ ಹೆಸರೊಂದೇ.

ಇಲ್ಲಿ ಒಂದು ಮಾತು ಹೇಳಲೇಬೇಕು. ಆ ಕ್ಷಣ ಪೊಕುವಾಳ ಎದೆ ಹಗುರಾಯಿತು. ನಾನು ತಪ್ಪು ಮಾಡಿರಲಿಲ್ಲ ಎಂಬ ಮಾತು ನಾಲಗೆಯ ತುದಿಯವರೆಗೆ ಬಂತು. ಆಮೇಲೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಚಪ್ಪರದಲ್ಲಿ ನಕ್ಕದ್ದಕ್ಕಿಂತ ಈ ಹಗುರ ಹೆಚ್ಚು ನಾಚಿಕೆಗೇಡು ಎಂದು ಅವಳಿಗೆ ಗೊತ್ತಿತ್ತು.

ಸಾಲಿನ ಕೊನೆಯಲ್ಲಿದ್ದ ಮುದುಕಿ ಎದ್ದು ನಿಂತು, ಬಟ್ಟೆಯ ಅಂಚಿನಿಂದ ಮುಖ ಮುಚ್ಚಿಕೊಂಡಳು. "ನನ್ನ ಅಕ್ಕನ ಹೊಟ್ಟೇಲಿ ಹುಟ್ಟಿದವನ ಬಾಯಲ್ಲಿ ಇದನ್ನ ಕೇಳ್ಬೇಕಾಯ್ತಲ್ಲ. ಅವಳು ಸತ್ತು ಬಚಾವಾದಳು," ಅಂದಳು. ಇನ್ನಿಬ್ಬರು ಕುರ್ಚಿ ಹಿಂದಕ್ಕೆ ಸರಿಸಿ ಎದ್ದರು. ಒಪಾನಿನ್ ತಲೆ ಬಾಗಿಸಿ ಎಲ್ಲವನ್ನೂ ತೆಗೆದುಕೊಂಡರು.

ಕೋಲಿನ ಹಿರಿಯರ ಮುಖದ ಗೆಲುವು ಹೋಗಿತ್ತು. ಅವರು ಕೋಲಿನ ತುದಿಯಿಂದ ಶ್ನಾಪ್ಸ್ ಬಾಟಲಿಯಿದ್ದ ಸ್ಟೂಲನ್ನು ಪೊಕುವಾ ಕಡೆಗೆ ತಳ್ಳಿದರು.

"ತಪ್ಪು ಮಾಡಿದವರು ಕೊಡೋದು ಇದು. ನಿನ್ನದು ತಪ್ಪಿಲ್ಲ ಅಂತ ಇವನೇ ಹೇಳ್ತಿದ್ದಾನೆ. ಹಾಗಾದ್ರೆ ಇದು ನಮ್ಮ ಮನೇಲಿ ಇರೋ ಹಾಗಿಲ್ಲ. ನೀನು ಬಾಟಲಿ ವಾಪಸ್ ತಗೊಂಡ್ರೆ ಇವನು ಕಳ್ಳ. ಇಲ್ಲೇ ಬಿಟ್ರೆ ಅಲ್ಲ. ಇವನ ಮಾತು ಬೇಡ, ನಿನ್ನ ಮಾತೂ ಬೇಡ. ಕೈಯಲ್ಲಿ ಮಾಡಿ ತೋರಿಸು."

"ತಗೋ ಮಗಳೇ," ಅಂದರು ಒಪಾನಿನ್. "ತಗೊಂಡು ಮನೆಗೆ ಹೋಗು."

ಒಕ್ರಾ ಅವಳ ಕಿವಿಯ ಹತ್ತಿರ ಬಾಗಿದರು. ತಮಾಷೆಯ ದನಿ ಎಲ್ಲೋ ಹೋಗಿತ್ತು. "ತಗೋಬೇಡ. ತಗೊಂಡ್ರೆ ಇನ್ನು ಮೇಲೆ ನನ್ನನ್ನ ಸಾರ್ಜೆಂಟ್ ಅಂತ ಕರೀಬೇಡ."

"ಬಿಟ್ರೆ ಹುಡುಗಿ ಹೆಸರು ಹೇಳ್ಬೇಕಾಗತ್ತೆ, ಸಾರ್ಜೆಂಟ್. ತಾಯಿ ಹೋಗಿ ಎಂಟು ದಿನ ಆಗಿದೆ ಅದಕ್ಕೆ."

ಪೊಕುವಾ ಕೈ ಚಾಚಿದಳು. ಬಾಟಲಿಯನ್ನು ತಿರುಗಿ ಹಿರಿಯರ ಕಡೆಗೆ ತಳ್ಳುವುದಕ್ಕೋ, ಎತ್ತಿಕೊಳ್ಳುವುದಕ್ಕೋ, ಅವಳ ಬೆರಳಿಗೇ ಇನ್ನೂ ಗೊತ್ತಿರಲಿಲ್ಲ.

"ಮುಟ್ಬೇಡಿ ಮೇಡಂ."

ಅಬ್ರಫಿ ತಟ್ಟೆಯನ್ನು ನೆಲದ ಮೇಲಿಟ್ಟಿದ್ದಳು.

"ಒಳಗೆ ಹೋಗು," ಅಂದರು ಒಪಾನಿನ್.

"ಇಲ್ಲ ಮಾವ. ನೀವು ಕಳ್ಳ ಅಂತ ಅನ್ನಿಸಿಕೊಂಡು ಹಾಕೋ ಅನ್ನ ನನಗೆ ಇಳಿಯಲ್ಲ."

"ಒಳಗೆ ಹೋಗು ಅಂದೆ ಅಬ್ರಫಿ!"

ಆ ಮನುಷ್ಯ ದನಿಯೇರಿಸಿದ್ದನ್ನು ಆ ಅಂಗಳ ಯಾವತ್ತೂ ಕೇಳಿರಲಿಲ್ಲ. ಎದ್ದಿದ್ದ ಇಬ್ಬರು ನಿಂತಲ್ಲೇ ನಿಂತರು.

"ಗಾಜು ಹಿಂದುಮುಂದು ಮಾಡಿದ್ದು ನಾನು," ಅಂದಳು ಹುಡುಗಿ. ಹಿರಿಯರತ್ತ ನೋಡದೆ, ಪೊಕುವಾ ಚೀಲವನ್ನೇ ನೋಡುತ್ತ ಮಾತಾಡಿದಳು. "ಮೂರು ವರ್ಷ ಇದೇ ಕೆಲಸ ಮಾಡಿ ಆ ತಪ್ಪು ಮಾಡಿದೆ ಅಂತ ಹೇಳೋಕೆ ನಾಚಿಕೆಯಾಯ್ತು. ಬುಟ್ಟಿಗೆ ಹಾಕಿ, ಪುಸ್ತಕದಲ್ಲಿ ಒಂದು ಅಂಕಿ ಬರೆದೆ. ಅದೊಂದೇ ಆಗಿದ್ರೆ ಮಾವ ಸುಳ್ಳು ಹೇಳ್ತಿರ್ಲಿಲ್ಲ, ಹೋಗಿ ಒಪ್ಪಿಕೋ ಅಂತಿದ್ರು."

"ಸಾಕು ಮಗಾ," ಅಂದರು ಒಪಾನಿನ್. ಈಗ ದನಿಯೇ ಇರಲಿಲ್ಲ.

"ಮೂವತ್ತರಿಂದ ನಲವತ್ತರವರೆಗಿನ ಗಾಜುಗಳೇ ಇಲ್ಲ ಮೇಡಂ. ಒಂದೂ ಇಲ್ಲ. ಆ ಎರಡು ತಿಂಗಳು ನಾನು ಆಸ್ಪತ್ರೆಯಲ್ಲಿ ಅಮ್ಮನ ಹಾಸಿಗೆ ಹತ್ರ ಕೂತಿದ್ದೆ. ಕುಲುಮೆ ತಣ್ಣಗಿತ್ತು. ಅಂಕಿಗಳನ್ನೆಲ್ಲ ಮನಸ್ಸಿಗೆ ಬಂದ ಹಾಗೆ ಬರೆದೆ. ಗಾಜು ಬಂತು, ಬೆಂದಿತು, ನಾನೇ ತೆಗೆದಿಟ್ಟೆ ಅಂತ ಹನ್ನೊಂದು ಸಲ ಕುಲುಮೆ ಪುಸ್ತಕದಲ್ಲಿ ಸಹಿ ಹಾಕಿದ್ದು ಮಾವ."

ಸೌಟು ಹಿಡಿದ ಹೆಂಗಸು ಒಲೆಯ ಬಳಿ ಸುಮ್ಮನೆ ಅಳತೊಡಗಿದಳು. ಒಪಾನಿನ್ ಬೆಡಿಯಾಕೊ ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡರು. ಕಳ್ಳನಲ್ಲದ ಮನುಷ್ಯನ ಹೆಸರು ತೊಳೆಯಲು ಬಂದಿದ್ದ ಪೊಕುವಾ ಬಾಟಲಿಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು.

ಕೋಲಿನ ಹಿರಿಯರು ಹುಡುಗಿಯನ್ನು ನೋಡಿದರು, ಒಪಾನಿನ್ ಅವರನ್ನು ನೋಡಿದರು. ಆಮೇಲೆ ಪೊಕುವಾ ಕಡೆ ತಿರುಗಿದರು.

"ಹೇಳಮ್ಮಾ ಪೊಲೀಸು. ಇವನನ್ನ ಬಿಡಿಸೋಕೆ ಬಂದಿದ್ದೆಯಲ್ಲ. ಈಗ ಯಾರ್ಯಾರನ್ನ ಕರ್ಕೊಂಡು ಹೋಗ್ತೀಯಾ?"